ಅಲೋಶಿಯಸ್ ಹೈಸ್ಕೂಲಿನ ಮಾಡೆಲ್: ಗುಡ್ಡ ಮುಗಿಯಿತು, ಚಾಪೆಲ್ ಕೆಲಸ ಶುರು

ನಾನು ರಟ್ಟಿನಲ್ಲಿ ಮಾಡುತ್ತಿರುವ ಮಂಗಳೂರಿನ ಸಂತ ಅಲೋಶಿಯಸ್ ಹೈಸ್ಕೂಲಿನ ಪುಟ್ಟ ಮಾಡೆಲ್ ಈಗ ಒಂದು ಹಂತಕ್ಕೆ ಬಂದಿದೆ. ಗುಡ್ಡ ಪೂರ್ತಿ ಆಯಿತು. ಚಾಪೆಲಿನ, ಅಂದರೆ ಶಾಲೆಯ ಪ್ರಾರ್ಥನಾ ಮಂದಿರದ, ಗೋಡೆಗಳು ನಿಂತಿವೆ. ಮಾಡಿನ ಅರ್ಧಕ್ಕೆ ಹಂಚು ಹೊದಿಸಿ ಆಗಿದೆ. ಕೈಕೆಲಸಕ್ಕಿಂತ ಜಾಸ್ತಿ ಸಮಯ ಹಿಡಿದದ್ದು ಯಾವ ಕಾಲದ ಶಾಲೆ ಮಾಡಬೇಕು ಅನ್ನೋ ತೀರ್ಮಾನಕ್ಕೆ.

ಈ ಹೈಸ್ಕೂಲಿನ ಚರಿತ್ರೆ ಹುಡುಕಿಕೊಂಡು ಹೋದರೆ ಪ್ರತಿ ಸಲ ಸಿಗೋದು ಕಾಲೇಜಿನ ಚರಿತ್ರೆ. 1880ರಲ್ಲಿ ಶುರುವಾದಾಗ ಎರಡೂ ಒಂದೇ ಸಂಸ್ಥೆ. ಇದನ್ನು ನಡೆಸಿದ ಜೆಸ್ವಿಟ್ ಪಾದ್ರಿಗಳ (ಯೇಸು ಸಭೆ ಅನ್ನೋ ಕ್ಯಾಥೊಲಿಕ್ ಸಂಘದವರ) ಪದ್ಧತಿಯಲ್ಲಿ ಕಾಲೇಜು ಅಂದರೆ ಅದರೊಳಗೆ ಶಾಲೆಯ ಹುಡುಗರೂ ಸೇರುತ್ತಿದ್ದರು. ಅಲ್ಲೇ ಓದಿದ ನನ್ನ ಭಾವನ ಹತ್ತಿರ ಈ ಮಾತೆತ್ತಿದೆ. "ಎಂಟನೇ ಕ್ಲಾಸಿನಲ್ಲಿರುವಾಗಲೂ ನಾವು ಕಾಲೇಜಿಗೆ ಹೋಗುವುದು ಅಂತಲೇ ಹೇಳುತ್ತಿದ್ದದ್ದು ಮಾರಾಯ" ಅಂದರು. ಮುಂದೆ ಕಾಲೇಜು ಬೆಳೆಯುತ್ತಾ ಹೋಯಿತು. 2007ರಲ್ಲಿ ಸ್ವಾಯತ್ತ ಆಯಿತು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೂ ಆಯಿತು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಗುಡ್ಡ ಹತ್ತಿಕೊಂಡು ಬರುತ್ತಿದ್ದ ಹೈಸ್ಕೂಲು ಹುಡುಗರಿಗೆ ಅಂತ ಒಂದು ಕೆಲಸ ಆಗಬೇಕು ಅನ್ನೋದು ನನ್ನ ಆಸೆ. ಮಾಡೆಲಿನ ಬೋರ್ಡಿನ ಮೇಲೆ ಹೈಸ್ಕೂಲು ಅಂತಲೇ ಬರೆಯುತ್ತೇನೆ.

ಈ ಶಾಲೆ ಊರಿನವರು ಕೇಳಿ ಪಡೆದದ್ದು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದರು. 1799ರ ನಂತರ ಉಳಿದವರು ವಾಪಸು ಬಂದು ಮತ್ತೆ ಮೊದಲಿನಿಂದ ಬದುಕು ಕಟ್ಟಿಕೊಂಡರು. ಅವರ ಮೊಮ್ಮಕ್ಕಳ ಕಾಲಕ್ಕೆ ಹೊಲ, ತೋಟ, ವ್ಯಾಪಾರ ಎಲ್ಲ ಒಂದು ನೆಲೆಗೆ ಬಂದಿತ್ತು. ಮಕ್ಕಳನ್ನು ಚೆನ್ನಾಗಿ ಓದಿಸಬೇಕು ಅನ್ನೋ ಆಸೆ ಬಲವಾಗಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ಜಿಲ್ಲೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕಿಂತ ಮೊದಲು ಹುಡುಗನನ್ನು ಓದಲು ಮದ್ರಾಸಿಗೆ ಕಳಿಸೋದು ಸುಮ್ನೆ ಆಗೋ ಮಾತಲ್ಲ. ಹಾಗಾಗಿ ನಮಗೆ ಜೆಸ್ವಿಟರನ್ನು ಕಳಿಸಿ ಅಂತ ಇಲ್ಲಿಂದ ರೋಮಿಗೆ ಮನವಿಗಳು ಹೋದವು. ಪೋಪ್ ಹದಿಮೂರನೇ ಲಿಯೋ ಮಂಗಳೂರು ಮಿಷನ್ನನ್ನು ವೆನಿಸ್ ಪ್ರಾಂತ್ಯದ ಜೆಸ್ವಿಟರಿಗೆ ಒಪ್ಪಿಸಿದರು. 1878ರ ಡಿಸೆಂಬರ್ 31ರಂದು ಮೊದಲ ತಂಡ ಬಂದಿಳಿಯಿತು.

ಆ ಚಿಕ್ಕ ತಂಡದಲ್ಲಿ ಎಂಥವರೆಲ್ಲ ಇದ್ದರು ನೋಡಿ. ಫಾದರ್ ಮುಲ್ಲರ್ ಇದ್ದರು. ಇವತ್ತು ನಾವು ಕಂಕನಾಡಿ ಆಸ್ಪತ್ರೆ ಅನ್ನೋದು ಅವರು 1880ರಲ್ಲಿ ಹೋಮಿಯೋಪತಿ ಔಷಧಿ ಕೊಡುತ್ತಾ ಶುರುಮಾಡಿದ್ದನ್ನೇ. ಫಾದರ್ ಮಫೇಯಿ ಇದ್ದರು. ಬಂದ ಕೆಲವೇ ವರ್ಷದಲ್ಲಿ ಕೊಂಕಣಿ ಕಲಿತು, ಅದರ ವ್ಯಾಕರಣ ಮತ್ತು ನಿಘಂಟು ಬರೆದವರು. ಆ ಪುಸ್ತಕಗಳು ಅಚ್ಚಾದದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ! ಎರಡು ಪಂಥಗಳ ನಡುವೆ ಪೈಪೋಟಿ ಇದ್ದ ಕಾಲದಲ್ಲೂ ಅಚ್ಚುಮೊಳೆ ಎಲ್ಲರಿಗೂ ಬೇಕಾಗಿತ್ತು. ನನಗೆ ಬಹಳ ಇಷ್ಟವಾದ ಸಂಗತಿ ಇದು.

ಶಾಲೆ ಮೊದಲು ನಡೆದದ್ದು ಗುಡ್ಡದ ಕೆಳಗೆ, ಊರೊಳಗಿನ ತಾತ್ಕಾಲಿಕ ಜಾಗದಲ್ಲಿ. ಲೋಬೊ ಪ್ರಭು ಮನೆತನದವರು ಗುಡ್ಡದ ಜಾಗ ದಾನ ಕೊಟ್ಟ ಮೇಲೆ ಕಟ್ಟಡ ಎದ್ದಿತು. 1885ರ ಹೊತ್ತಿಗೆ ತರಗತಿಗಳು ಮೇಲೆ ಬಂದವು. ಹತ್ತಿರದಲ್ಲೇ ಬಾವುಟಗುಡ್ಡೆ. 1837ರ ದಂಗೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಡೆಯವರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಜಾಗ. ಅಲೋಶಿಯಸ್‌ನ ಮೊದಲ ಬ್ಯಾಚಿನ ಹುಡುಗರ ಅಜ್ಜಂದಿರಿಗೆ ಅದು ಕಣ್ಣಾರೆ ಕಂಡ ಸುದ್ದಿ ಆಗಿದ್ದಿರಬೇಕು.

ಈಗ ಕೈಕೆಲಸದ ವಿಷಯ. ಗುಡ್ಡಕ್ಕೆ ರಟ್ಟಿನ ಪೆಟ್ಟಿಗೆಗಳನ್ನು ಕೊಯ್ದು ಒಂದರ ಮೇಲೊಂದು ಪದರ ಅಂಟಿಸಿದೆ. ಮೇಲೆ ಪೇಪರ್ ಅರೆದ ಗೊಜ್ಜು, ಅದು ಒಣಗಿದ ಮೇಲೆ ಕಾವಿ ಬಣ್ಣ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಕಾಣುತ್ತದೆ. ನಾನು ಜೂನ್ ತಿಂಗಳ ಬಣ್ಣ ಹಿಡಿದೆ. ಶಾಲೆ ಬಾಗಿಲು ತೆರೆಯುವ ತಿಂಗಳು, ಕಲ್ಲು ನೆನೆದು ಗಾಢ ಕೆಂಪು, ಸಂದಿಯಲ್ಲಿ ಪಾಚಿ.

ಹಂಚಿನ ಮಾಡಿಗೂ ರಟ್ಟೇ. ರಟ್ಟಿನ ಮೇಲಿನ ಕಾಗದವನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಎರಡು ನಿಮಿಷ ಬಿಟ್ಟು, ಮೆಲ್ಲಗೆ ಸುಲಿಯಬೇಕು. ಒಳಗಿನ ಏಣುಗಳು ಹಾಗೇ ಉಳಿಯುತ್ತವೆ. ಅದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನ ಸಾಲಿನಿಂದ ಶುರುಮಾಡಿ, ಒಂದರ ಮೇಲೆ ಒಂದು ಸ್ವಲ್ಪ ಹತ್ತುವಂತೆ ಅಂಟಿಸುತ್ತಾ ಬಂದರೆ ನಿಜವಾದ ಮಂಗಳೂರು ಹಂಚಿನ ಸಾಲಿನ ಹಾಗೇ ನೆರಳು ಬೀಳುತ್ತದೆ. ಅಂದ ಹಾಗೆ, ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆಯೂ ಬಾಸೆಲ್ ಮಿಷನ್ನಿನದೇ. 1865ರಲ್ಲಿ, ನೇತ್ರಾವತಿ ದಡದ ಜೆಪ್ಪುವಿನಲ್ಲಿ. ಚಾಪೆಲ್ ಕಟ್ಟುವ ಹೊತ್ತಿಗೆ ಊರಲ್ಲಿ ಹಂಚು ಮಾಮೂಲಿ ಸಾಮಾನು.

ಚಾಪೆಲಿನ ಒಳಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಂಗಳೂರಿಗೆ ಬಂದವರೆಲ್ಲ ನೋಡಲು ಹೋಗೋ ಆ ಚಿತ್ರಗಳನ್ನು ಬರೆದವರು ಬ್ರದರ್ ಆಂಟೋನಿಯೋ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊ ಊರಿನವರು, 1854ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು ಹೆಸರು ಮಾಡಿದ ಮೇಲೆ ಜೆಸ್ವಿಟ್ ಬ್ರದರ್ ಆದರು. ಗೋಡೆಯ ಮೇಲಿನದು ಫ್ರೆಸ್ಕೊ. ಹಸಿ ಸುಣ್ಣದ ಗಾರೆ ಮೆತ್ತಿ, ಅದು ಒಣಗೋದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಬಣ್ಣವನ್ನು ಗಾರೆಯೇ ಕುಡಿದುಬಿಡುತ್ತದೆ, ಆಮೇಲೆ ಅಳಿಸಿ ತಿದ್ದುವ ಹಾಗಿಲ್ಲ. ಆಯಾ ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ. ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ. ಅಲ್ಲಿ ಸಂತ ಅಲೋಶಿಯಸ್‌ನ ಜೀವನ ಇದೆ. ದೊಡ್ಡ ಮನೆತನದ ಹಿರಿಮಗ, ಆಸ್ತಿಯ ಹಕ್ಕು ಬಿಟ್ಟುಕೊಟ್ಟು ಜೆಸ್ವಿಟರ ಜೊತೆ ಸೇರಿ, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ ಇಪ್ಪತ್ತಮೂರರ ವಯಸ್ಸಿಗೆ ತೀರಿಕೊಂಡವನು. ಹೈಸ್ಕೂಲು ಹುಡುಗರಿಗೆ ಅವನ ವಯಸ್ಸು ತಮ್ಮ ಅಣ್ಣನ ವಯಸ್ಸು.

ಮೊಸ್ಕೇನಿ ಕೆಲಸ ಶುರುಮಾಡಿದ್ದು 1899ರ ಹೊತ್ತಿಗೆ. ಚಾಪೆಲ್ ಎದ್ದದ್ದು 1880ರ ದಶಕದಲ್ಲಿ. ಅಂದರೆ ಶುರುವಿನ ಅದೆಷ್ಟೋ ಬ್ಯಾಚುಗಳು ಈ ಚಿತ್ರಗಳನ್ನು ನೋಡದೆಯೇ ಮೆಟ್ರಿಕ್ಯುಲೇಷನ್ ಬರೆದು ಹೋದವು! ಅದಕ್ಕೇ ಮಾಡು ಎತ್ತಿ ತೆಗೆಯುವ ಹಾಗೆ ಮಾಡಿದ್ದೇನೆ. ಒಳಗೆ ಗೋಡೆಗೆ ಎರಡು ಜೊತೆ ಹಾಳೆ. ಒಂದು ಬರೀ ಬಿಳಿ, ಮೊದಲ ಹುಡುಗರದ್ದು. ಇನ್ನೊಂದು ಚಿತ್ರಗಳಿರೋದು, ಆಮೇಲಿನವರದ್ದು. ಬೇಕಾದ ಜೊತೆಯನ್ನು ಜಾರಿಸಿ ಕೂರಿಸಬಹುದು. ಬಿಳಿ ಹಾಳೆ ತಯಾರಿದೆ. ಚಿತ್ರದ ಹಾಳೆಯಲ್ಲಿ ಪಿಲ್ಲರುಗಳ ನಡುವಿನ ಕಮಾನುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಮಂಗಳೂರಿನ ಮಳೆ, ಸೆಕೆಗೆ ಮೂಲ ಚಿತ್ರಗಳು ಹಾಳಾಗಿದ್ದವು. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್‌ನವರು ಸರಿಪಡಿಸಿದರು. ಈಗ ಕಾಣುವ ಬಣ್ಣವನ್ನೇ ನಾನು ಆಧಾರ ಇಟ್ಟುಕೊಳ್ಳುತ್ತೇನೆ.

ಬೋರ್ಡಿನ ಬರಹಕ್ಕೂ ಕರಡು ಹಾಕಿದೆ. 1880 ಮೊದಲು. ಪಕ್ಕದಲ್ಲೇ 1891, ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಹೈಸ್ಕೂಲು ಕಟ್ಟಿದ ವರ್ಷ. ಒಂದು ಶಾಲೆಯ ಕತೆಯಲ್ಲಿ ಇನ್ನೊಂದು ಶಾಲೆ ಯಾಕೆ ಅಂತ ಭಾವ ಕೇಳಿದರು. ಮಂಗಳೂರು ಓದಿದವರ ಊರು ಅಂತ ಹೆಸರು ಪಡೆದದ್ದು ಇಂಥ ಶಾಲೆಗಳೆಲ್ಲ ಸೇರಿ, ಅಲ್ವಾ? ಹಳೇ ವಿದ್ಯಾರ್ಥಿಗಳಲ್ಲಿ ರಾಜಕಾರಣಿ ಜಾರ್ಜ್ ಫರ್ನಾಂಡಿಸ್, ಕಾದಂಬರಿಕಾರ ಅರವಿಂದ ಅಡಿಗ ಇಬ್ಬರ ಹೆಸರೂ ಇರುತ್ತದೆ. ಇಬ್ಬರೂ ಎಸ್ಸೆಸ್ಸೆಲ್ಸಿ ಮುಗಿಸಿದ್ದು ಇಲ್ಲೇ. ಅಡಿಗರು ಮೊದಲು ಕೆನರಾದಲ್ಲಿ ಓದಿ ಆಮೇಲೆ ಅಲೋಶಿಯಸ್‌ಗೆ ಬಂದವರು. ಭಾವನಿಗೆ ಅದನ್ನೇ ಉತ್ತರ ಕೊಟ್ಟೆ.

ಮುಂದಿನ ಕೆಲಸ ಮಾಡಿನ ಉಳಿದ ಅರ್ಧ, ಆಮೇಲೆ ಶಾಲೆಯ ಉದ್ದನೆಯ ಕಟ್ಟಡದ ಕಿಟಕಿಗಳು. 1960ಕ್ಕಿಂತ ಹಿಂದಿನ ತರಗತಿ ಫೋಟೊ ಯಾರ ಮನೆಯಲ್ಲಾದರೂ ಇದ್ದರೆ, ಹಿಂದೆ ಕಟ್ಟಡ ಸ್ವಲ್ಪ ಕಂಡರೂ ಸಾಕು, ದಯವಿಟ್ಟು ತೋರಿಸಿ. ಕಿಟಕಿ ಕೊರೆಯೋಕೆ ಮೊದಲೇ ಸಿಕ್ಕರೆ ಒಳ್ಳೆಯದು.