ಸ್ಕೈರಿಮ್ ಮಾಡ್‌ಗಳು: ಅಂದಕ್ಕೆಷ್ಟು, ವೇಗಕ್ಕೆಷ್ಟು

ಧಾರವಾಡದ ನಮ್ಮ ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ 4 ಜಿಬಿ ಮೆಮೊರಿ ಮಾತ್ರ ಇರುವುದರಿಂದ, ‘ಸ್ಕೈರಿಮ್’ ಎಂಬ ವಿಡಿಯೊ ಗೇಮ್‌ನ 2016ರ ವಿಶೇಷ ಆವೃತ್ತಿಗೆ ಮಾಡ್‌ಗಳನ್ನು (ಆಟದ ರೂಪವನ್ನು ಬದಲಿಸಲು ಅಭಿಮಾನಿಗಳು ತಯಾರಿಸುವ ಸೇರ್ಪಡೆಗಳನ್ನು) ಸೇರಿಸುವಾಗ ನಾನು ಮೊದಲು ಲೆಕ್ಕ ಹಾಕುವುದು ಟೆಕ್ಸ್ಚರ್‌ಗಳ, ಅಂದರೆ ಆಟದ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ, ಗಾತ್ರವನ್ನು. 4ಕೆ (ಪ್ರತಿ ಬದಿಗೆ 4096 ಪಿಕ್ಸೆಲ್) ಟೆಕ್ಸ್ಚರ್‌ನಲ್ಲಿ 2ಕೆಗಿಂತ (ಪ್ರತಿ ಬದಿಗೆ 2048) ನಾಲ್ಕು ಪಟ್ಟು ಪಿಕ್ಸೆಲ್‌ಗಳಿರುತ್ತವೆ; ಬಿಸಿ7 ವಿಧಾನದಲ್ಲಿ ಕುಗ್ಗಿಸಿದ ಮೇಲೂ ಅದು, ಮಿಪ್‌ಮ್ಯಾಪ್‌ಗಳನ್ನು (ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳನ್ನು) ಬಿಟ್ಟೇ, 16 ಎಂಬಿ ಹಿಡಿಯುತ್ತದೆ, 2ಕೆಗೆ 4 ಎಂಬಿ ಸಾಕು. ಆದ್ದರಿಂದ ಸದಾ ಕಣ್ಣಿಗೆ ಬೀಳುವ ಬೆಟ್ಟ, ನೆಲಗಳಿಗೆ 2ಕೆಯನ್ನೂ ಬಟ್ಟಲು, ಬುಟ್ಟಿಗಳಂಥ ಸಣ್ಣ ಸಾಮಾನುಗಳಿಗೆ 1ಕೆಯನ್ನೂ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಹುಲ್ಲಿನ ಮಾಡ್‌ಗಳೆಂದರೆ ನನಗೆ ವಿಶೇಷ ಪ್ರೀತಿ. ಮಳೆಗಾಲದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಂತೆ ಇಡೀ ಬಯಲು ಹಸಿರಾಗುತ್ತದೆ, ಆದರೆ ಫ್ರೇಮ್‌ಗಳು (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳು) ಅಷ್ಟೇ ಬೇಗ ಕುಸಿಯುತ್ತವೆ. ಆಟದ ಸೆಟ್ಟಿಂಗ್‌ಗಳಿರುವ ಐಎನ್ಐ ಕಡತದಲ್ಲಿ ‘ಐಮಿನ್‌ಗ್ರಾಸ್‌ಸೈಜ್’ (iMinGrassSize) ಮೌಲ್ಯವನ್ನು 20ರಿಂದ 60ಕ್ಕೆ ಏರಿಸಿದರೆ ಹುಲ್ಲು ವಿರಳವಾಗಿ, ಆಟ ಮತ್ತೆ ಸರಾಗವಾಗುತ್ತದೆ. ಹುಬ್ಬಳ್ಳಿಯ ಗೆಳೆಯರು ಬಹಳವಾಗಿ ಮೆಚ್ಚುವ ಇಎನ್‌ಬಿ ಎಂಬ ಗ್ರಾಫಿಕ್ಸ್ ಮಾಡ್‌ನ ಬೆಳಕು ನಿಜಕ್ಕೂ ಸುಂದರವಾದರೂ, ಏಪ್ರಿಲ್‌ನ ಸೆಕೆಯಲ್ಲಿ ಕಾರ್ಡನ್ನು ಅಷ್ಟು ದುಡಿಸಲು ನನಗೆ ಮನಸ್ಸಿಲ್ಲ. ಬೆಳಕಿಗೆ ಹಗುರವಾದೊಂದು ಹವಾಮಾನದ ಮಾಡ್ ಸಾಕು. ಈ ಆಟದಲ್ಲಿ ವಸ್ತುಗಳ ಚಲನೆಯ ಭೌತಿಕ ಲೆಕ್ಕಾಚಾರವು ಫ್ರೇಮ್ ದರವನ್ನೇ ಅವಲಂಬಿಸಿರುವುದರಿಂದ, ಬೇರೆ ತಿದ್ದುಪಡಿಯಿಲ್ಲದೆ ಸೆಕೆಂಡಿಗೆ 60 ಫ್ರೇಮ್‌ಗಳನ್ನು ಮೀರಿಸಬಾರದು. ನಾನಂತೂ ಅಷ್ಟಕ್ಕೇ ಮಿತಿ ಹಾಕಿ, ಉಳಿದ ಶಕ್ತಿಯನ್ನು ನೆರಳುಗಳಿಗೆ ಕೊಟ್ಟಿದ್ದೇನೆ.