ಚುಕ್ಕಿ, ಇಂಟು, ಬಾಣ

ನನ್ನ ದಿನದ ಕೆಲಸಗಳೆಲ್ಲ ಇರುವುದು ಗೆರೆ ಹಾಕಿದ ಒಂದು ಸಾದಾ ನೋಟ್‌ಬುಕ್ಕಿನಲ್ಲಿ. ಎಡಗಡೆ ಪುಟದಲ್ಲಿ ಕೆಲಸ, ಬಲಗಡೆ ಖರ್ಚು. ಅಷ್ಟೇ.

ಬರೆಯುವ ಕ್ರಮ ಬುಲೆಟ್ ಜರ್ನಲ್‌ನದು. ಅಮೆರಿಕದ ಡಿಸೈನರ್ ರೈಡರ್ ಕ್ಯಾರೊಲ್ ಇದನ್ನು 2013ರಲ್ಲಿ ಎಲ್ಲರ ಮುಂದಿಟ್ಟರು. ಪ್ರತಿ ಕೆಲಸಕ್ಕೆ ಒಂದು ಚುಕ್ಕಿ. ಮುಗಿದರೆ ಚುಕ್ಕಿ ಮೇಲೆ ಇಂಟು ಗುರುತು. ತಿಂಗಳ ಕೊನೆಗೂ ಮುಗಿಯದಿದ್ದರೆ ಬಾಣದ ಗುರುತು ಹಾಕಿ, ಮುಂದಿನ ತಿಂಗಳ ಪುಟದಲ್ಲಿ ಮತ್ತೆ ಕೈಯಾರೆ ಬರೆಯಬೇಕು. ನನಗೆ ತುಂಬಾ ಹಿಡಿಸಿದ್ದು ಇದೇ. ಆ್ಯಪ್‌ನಲ್ಲಾದರೆ ಹಳೇ ಕೆಲಸ ಸುಮ್ನೆ ನಾಳೆಗೆ ಜಾರುತ್ತದೆ, ಗಮನಕ್ಕೂ ಬರುವುದಿಲ್ಲ. 'ಮಿಕ್ಸಿ ರಿಪೇರಿಗೆ ಕೊಡಬೇಕು' ಅಂತ ಮತ್ತೆ ಮತ್ತೆ ಬರೆಯುವಾಗ ಮಾತ್ರ, ಇದು ನಿಜವಾಗಿ ಬೇಕಾ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಬೇಡವೆಂದರೆ ಒಂದೇ ಗೆರೆಯಲ್ಲಿ ಹೊಡೆದುಹಾಕುತ್ತೇನೆ. ಆಗ ಸಿಗುವ ನಿರಾಳವೇ ಬೇರೆ!

ಮನೆಯಲ್ಲಿ ಬರೆಯಲು ಇಂಕ್ ಪೆನ್ನು. ಒತ್ತಿ ಬರೆಯಬೇಕಾಗಿಲ್ಲ, ಬೆರಳು ನೋಯುವುದಿಲ್ಲ. ಆದರೆ ತೆಳು ಹಾಳೆಯಲ್ಲಿ ಇಂಕು ಹರಡಿ ಹಿಂಬದಿಗೂ ಇಳಿಯುತ್ತದೆ. 80 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಹಾಳೆಗೆ 80 ಗ್ರಾಂ ತೂಕ) ಅಥವಾ ಅದಕ್ಕಿಂತ ದಪ್ಪದ ಹಾಳೆ ವಾಸಿ. ದಪ್ಪವೊಂದೇ ಸಾಲದು, ಹಾಳೆ ಇಂಕು ಹೀರಬಾರದು. ಅಂಗಡಿಯಲ್ಲಿ ಸ್ಯಾಂಪಲ್ ಪುಸ್ತಕವಿದ್ದರೆ ಕೇಳಿ, ಎರಡು ಸಾಲು ಬರೆದು ನೋಡಿ.

ಹೊರಗೆ ಬಾಲ್ ಪೆನ್ನೇ ಸರಿ. ಅದರ ಇಂಕಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಮಳೆ ಹನಿ ಬಿದ್ದರೂ ಅಕ್ಷರ ಕಲೆಸುವುದಿಲ್ಲ. ನಮ್ಮ ಜುಲೈ ತಿಂಗಳಿಗೆ ಇದು ಬೇಕೇ ಬೇಕು, ಅಲ್ವಾ? ಬಣ್ಣದ ಪೆನ್ನು, ಸ್ಟಿಕ್ಕರ್ ಅಂತ ಜಾಸ್ತಿ ದುಡ್ಡು ಹಾಕುವ ಅಗತ್ಯ ನನಗಂತೂ ಕಂಡಿಲ್ಲ.