ಸಂದರ್ಶನಕ್ಕೆ ಮುನ್ನ ದಾಲ್ ಮಿಲ್ಲಿನಲ್ಲಿ ಒಂದು ದಿನ

ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ 2025ರ ಫೆಬ್ರುವರಿಯಲ್ಲಿ ಖಾಸಗಿ ಬ್ಯಾಂಕೊಂದರ ಸಾಲ ವಿಭಾಗದಿಂದ ಸಂದರ್ಶನದ ಕರೆ ಬಂದಿತು. ಅಭ್ಯರ್ಥಿಗೆ ವ್ಯವಹಾರ ಜ್ಞಾನ ಇರಬೇಕೆಂದು ಹುದ್ದೆಯ ವಿವರದಲ್ಲಿ ಬರೆದಿದ್ದರು. ಕರೆ ಬಂದಿದ್ದ ಇತರ ಗೆಳತಿಯರು ಬಜೆಟ್ಟಿನ ಅಂಕಿಗಳನ್ನೂ, ಅದೇ ತಿಂಗಳು ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರವನ್ನು, ಶೇ. 6.50ರಿಂದ 6.25ಕ್ಕೆ ಇಳಿಸಿದ ಸುದ್ದಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಅಂಕಿ ತಿಳಿದಿರುವುದು ಒಳ್ಳೆಯದೇ. ಆದರೆ ಆ ಕಾಲು ಪರ್ಸೆಂಟಿನಿಂದ ಕಲಬುರಗಿಯಲ್ಲಿ ಯಾರಿಗೆ ಎಷ್ಟು ಉಳಿಯುತ್ತದೆ ಎಂದು ಹೇಳಲು ಬಾರದಿದ್ದರೆ ಅದನ್ನು ವ್ಯವಹಾರ ಜ್ಞಾನವೆಂದು ಹೇಗೆ ಕರೆಯುವುದು? ನನ್ನ ಸೋದರಮಾವ ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲೊಂದರಲ್ಲಿ ಬಹಳ ವರ್ಷಗಳಿಂದ ಲೆಕ್ಕ ಬರೆಯುತ್ತಾರೆ. ಒಂದು ದಿನ ನಿಮ್ಮ ಜೊತೆ ಇರುತ್ತೇನೆ ಎಂದು ಕೇಳಿಕೊಂಡೆ.

ಬೆಳಿಗ್ಗೆ ಅವರು ನನ್ನನ್ನು ಮೊದಲು ಗಂಜ್ ಎಂದು ಕರೆಯುವ ಧಾನ್ಯ ಮಾರುಕಟ್ಟೆಗೆ ಕರೆದುಕೊಂಡು ಹೋದರು. ತೊಗರಿಯ ಸುಗ್ಗಿ ನಡೆದಿತ್ತು. ದಲಾಲಿ ಅಂಗಡಿಗಳ ಮುಂದೆ ಸುರಿದಿದ್ದ ರಾಶಿಗಳ ನಡುವೆ ಮಾವ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿದರು, ಎರಡು ಕಾಳು ಬಾಯಿಗೆ ಹಾಕಿ ಕಡಿದರು. ಕಾಳು ಟಕ್ಕನೆ ಒಡೆದರೆ ಒಣಗಿದೆ ಎಂದು ಅರ್ಥ, ಹಲ್ಲಿಗೆ ಮೆತ್ತಗೆ ಸಿಕ್ಕರೆ ತೇವ ಇದೆ ಎಂದು ಅರ್ಥ. ಬೆಂಬಲ ಬೆಲೆಯ ಖರೀದಿಯಲ್ಲೂ ತೇವಾಂಶ ಶೇ. 12ಕ್ಕಿಂತ ಹೆಚ್ಚಿರಬಾರದೆಂಬ ನಿಯಮವಿದೆ. ಒಂದು ಪರ್ಸೆಂಟ್ ಹೆಚ್ಚು ತೇವದ ಮಾಲು ಕೊಂಡರೆ, ಒಣಗಿದ ಮೇಲೆ ಕ್ವಿಂಟಲಿಗೆ ಸುಮಾರು ಒಂದು ಕಿಲೊ ಗಾಳಿಗೆ ಹೋದಂತೆಯೇ ಎಂದು ಮಾವ ವಿವರಿಸಿದರು.

ಆ ದಿನಗಳಲ್ಲಿ ತೊಗರಿಯ ದರ ಕ್ವಿಂಟಲಿಗೆ ಏಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಹಿಂದಿನ ವರ್ಷ ಇದೇ ಹೊತ್ತಿಗೆ ಹತ್ತು ಸಾವಿರದ ಹತ್ತಿರ ಇತ್ತು. ಕೇಂದ್ರದ ಬೆಂಬಲ ಬೆಲೆ 7,550 ರೂಪಾಯಿ, ಅದರ ಮೇಲೆ ರಾಜ್ಯ ಸರಕಾರ 450 ರೂಪಾಯಿ ಸೇರಿಸಿತ್ತು. ದರ ಇಳಿಯಲು ಇಲ್ಲಿನ ಫಸಲೊಂದೇ ಕಾರಣವಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ಟಾಂಜಾನಿಯಾ, ಮಲಾವಿಗಳಿಂದ ಬರುವ ತೊಗರಿಗೆ ಆಗ ಸುಂಕವಿರಲಿಲ್ಲ, ಆ ರಿಯಾಯಿತಿಯನ್ನು ಅದೇ ಜನವರಿಯಲ್ಲಿ 2026ರ ಮಾರ್ಚ್ ವರೆಗೆ ವಿಸ್ತರಿಸಲಾಗಿತ್ತು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ತೊಗರಿ ಬೇಳೆಯ ಬೆಲೆಯನ್ನು ಪೂರ್ವ ಆಫ್ರಿಕಾದ ಹೊಲಗಳೂ ದೆಹಲಿಯ ಒಂದು ಆದೇಶವೂ ಸೇರಿ ನಿರ್ಧರಿಸುತ್ತವೆ ಎಂಬುದು ಆ ರಾಶಿಯ ಪಕ್ಕ ನಿಂತಾಗಲೇ ನನಗೆ ಮನವರಿಕೆಯಾಯಿತು. ಸುಂಕದ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ, ಆದರೆ ಮನೆಯ ಹತ್ತಿರದ ಗಂಜಿಗೂ ಅದಕ್ಕೂ ಇರುವ ನಂಟು ಆ ಸುದ್ದಿಯಲ್ಲಿ ಇರಲಿಲ್ಲ.

ಮಧ್ಯಾಹ್ನ ಮಿಲ್ಲಿನಲ್ಲಿ ಮಾವ ಖಾತೆ ಪುಸ್ತಕ ಬಿಚ್ಚಿಟ್ಟರು. ಒಂದು ಕ್ವಿಂಟಲ್ ತೊಗರಿಯಿಂದ ಎಪ್ಪತ್ತರಿಂದ ಎಪ್ಪತ್ತೈದು ಕಿಲೊ ಬೇಳೆ ಬರುತ್ತದೆ, ಹೊಟ್ಟು ಮತ್ತು ನುಚ್ಚು ದನದ ಮೇವಿಗೆ ಮಾರಾಟವಾಗುತ್ತವೆ. ಏಳು ಸಾವಿರದ ತೊಗರಿಯಾದರೆ ಕಿಲೊ ಬೇಳೆಗೆ ಕಾಳಿನ ಖರ್ಚೇ ತೊಂಬತ್ತೇಳು ರೂಪಾಯಿಯ ಹತ್ತಿರ ಬರುತ್ತದೆ. ವಿದ್ಯುತ್ತು, ಹಮಾಲಿ, ಸಾಗಾಣಿಕೆ, ಬಡ್ಡಿ ಎಲ್ಲ ಆಮೇಲಿನವು. ಲಾಭ ಎಲ್ಲಿ ಉಳಿಯುತ್ತದೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನೋಡವ್ವಾ, ಬೇಳೆ ಎಷ್ಟಕ್ಕ ಮಾರಿದಿ ಅನ್ನೋದು ಒಂದು ಮಾತು. ಆ ರೊಕ್ಕ ಯಾವಾಗ ಕೈಗೆ ಬರತದ ಅನ್ನೋದು ಅದಕ್ಕಿಂತ ದೊಡ್ಡ ಮಾತು” ಎಂದರು. ಕಾಳಿನ ಹಣವನ್ನು ಕೂಡಲೇ ಕಟ್ಟಬೇಕು, ಬೇಳೆ ಕೊಂಡ ಹೊರ ಊರಿನ ವ್ಯಾಪಾರಿಯೋ ತಿಂಗಳಾದ ಮೇಲೆ ಕೊಡುತ್ತಾನೆ. ನಡುವಿನ ದಿನಗಳನ್ನು ಬ್ಯಾಂಕಿನ ಸಿಸಿ ಖಾತೆ, ಅಂದರೆ ದಾಸ್ತಾನಿನ ಆಧಾರದ ಮೇಲೆ ಬೇಕಾದಾಗ ಹಣ ತೆಗೆದು ಮತ್ತೆ ತುಂಬುವ ಕ್ಯಾಶ್ ಕ್ರೆಡಿಟ್ ಸಾಲ, ತುಂಬುತ್ತದೆ.

ಆ ದಿನ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಈ ಸಿಸಿ ಖಾತೆಯ ನಡೆ. ಕಾಲೇಜಿನಲ್ಲಿ ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಹಣದ, ವ್ಯಾಖ್ಯೆ ಬರೆದು ಅಂಕ ಪಡೆದಿದ್ದೇನೆ, ಆದರೆ ಅದು ಕುಗ್ಗಿದಾಗ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಮಿಲ್ಲು ಪ್ರತಿ ತಿಂಗಳು ದಾಸ್ತಾನಿನ ಪಟ್ಟಿಯನ್ನು ಬ್ಯಾಂಕಿಗೆ ಕೊಡಬೇಕು, ಬ್ಯಾಂಕು ಆ ಮಾಲಿನ ಬೆಲೆಯಲ್ಲಿ ಮಾರ್ಜಿನ್, ಅಂದರೆ ಮಾಲೀಕ ತಾನೇ ಹಾಕಬೇಕಾದ ಪಾಲು, ಕಳೆದು ಉಳಿದದ್ದಕ್ಕೆ ಮಾತ್ರ ಹಣ ತೆಗೆಯಲು ಬಿಡುತ್ತದೆ. ಸಾವಿರ ಕ್ವಿಂಟಲ್ ತೊಗರಿ, ದರ ಹತ್ತು ಸಾವಿರ, ಮಾರ್ಜಿನ್ ಶೇ. 25 ಎಂದಿಟ್ಟುಕೊಂಡರೆ 75 ಲಕ್ಷ ಸಿಗುತ್ತದೆ. ದರ 7,500ಕ್ಕೆ ಇಳಿದರೆ ಅದೇ ಗೋದಾಮಿನ ಅದೇ ಚೀಲಗಳಿಗೆ 56.25 ಲಕ್ಷ ಮಾತ್ರ. ಒಂದು ಚೀಲವೂ ಮಾರಾಟವಾಗದೆ, ಒಂದು ಕಾಳಿಗೂ ಹುಳು ಬೀಳದೆ, ಮೊದಲೇ 75 ಲಕ್ಷ ತೆಗೆದಿದ್ದ ಮಾಲೀಕ 18.75 ಲಕ್ಷ ರೂಪಾಯಿ ಹೊಂದಿಸಬೇಕಾಗುತ್ತದೆ, ಹೊಸ ಕಾಳು ಕೊಳ್ಳಲು ಅಷ್ಟು ಹಣ ಕಡಿಮೆಯಾಗುತ್ತದೆ. ದರ ಬಿದ್ದ ವರ್ಷ ರೈತನ ಸಂಕಟ ಎಲ್ಲರಿಗೂ ಕಾಣುತ್ತದೆ, ಕಾಣಲೂ ಬೇಕು. ಮಿಲ್ಲಿನ ಕೂಲಿಯವರ ಪಾಳಿ ಅದೇ ವರ್ಷ ಏಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಸಂಜೆ ರೆಪೊ ದರವನ್ನೂ ಇದೇ ಪುಸ್ತಕಕ್ಕೆ ಹಚ್ಚಿ ನೋಡಿದೆವು. ಸಣ್ಣ ಉದ್ಯಮಗಳ ಬದಲಾಗುವ ಬಡ್ಡಿಯ ಹೊಸ ಸಾಲಗಳು 2019ರ ಅಕ್ಟೋಬರಿನಿಂದ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. 50 ಲಕ್ಷದ ಸಾಲಕ್ಕೆ ಕಾಲು ಪರ್ಸೆಂಟ್ ಎಂದರೆ ವರ್ಷಕ್ಕೆ 12,500 ರೂಪಾಯಿ. ತೊಗರಿ ದರ ಕ್ವಿಂಟಲಿಗೆ ನೂರು ರೂಪಾಯಿ ಅತ್ತಿತ್ತ ಆದರೆ ಸಾವಿರ ಕ್ವಿಂಟಲಿಗೆ ಒಂದು ಲಕ್ಷ. ಮಾವ ರಿಸರ್ವ್ ಬ್ಯಾಂಕಿನ ಸುದ್ದಿಗಿಂತ ಗಂಜಿನ ದರದ ಮೆಸೇಜನ್ನು ಮೊದಲು ನೋಡುವುದು ಏಕೆಂದು ಆಗ ತಿಳಿಯಿತು.

ಸಂದರ್ಶನದಲ್ಲಿ ಅಧಿಕಾರಿ ನಮ್ಮ ಭಾಗದ ಮುಖ್ಯ ವ್ಯಾಪಾರದ ಬಗ್ಗೆ ಹೇಳಿ ಎಂದರು, ಹೇಳಿದೆ. “ಇಂಥ ಮಿಲ್ಲಿಗೆ ಸಾಲ ಕೊಡುವ ಮೊದಲು ನೀವು ಏನು ಕೇಳುತ್ತೀರಿ?” ಎಂದರು. ದಾಸ್ತಾನನ್ನು ಯಾವ ತಿಂಗಳು ಯಾವ ದರಕ್ಕೆ ಕೊಂಡರು, ಮಾರಿದ್ದರ ಹಣ ಎಷ್ಟು ದಿನಕ್ಕೆ ಬರುತ್ತದೆ, ದರ ಕಾಲು ಭಾಗ ಇಳಿದರೆ ಕೊರತೆಯನ್ನು ಎಲ್ಲಿಂದ ತುಂಬುತ್ತಾರೆ ಎಂದು ಕೇಳುತ್ತೇನೆ ಎಂದೆ. ಉಳಿದ ಹೊತ್ತೆಲ್ಲ ಮಾತು ಆ ಮೂರನೆಯ ಪ್ರಶ್ನೆಯ ಸುತ್ತಲೇ ನಡೆಯಿತು, ಕೆಲಸವೂ ಸಿಕ್ಕಿತು.

ಈಗ ಶಹಾಬಾದಿನ ಗೆಳತಿಯೊಬ್ಬಳು ತನ್ನ ಸಂದರ್ಶನಕ್ಕೆ ಸಿದ್ಧಳಾಗುತ್ತಿದ್ದಾಳೆ. ತೊಗರಿಯ ಲೆಕ್ಕವನ್ನು ನನ್ನಿಂದ ಬರೆದುಕೊಳ್ಳುವ ಬದಲು, ಟೈಲ್ಸ್ ಬಂದ ಮೇಲೆ ಶಹಾಬಾದಿ ಕಲ್ಲನ್ನು ಯಾರು ಕೊಳ್ಳುತ್ತಿದ್ದಾರೆ, ಲಾರಿ ಬಾಡಿಗೆ ಯಾರ ಪಾಲಿಗೆ, ಉದ್ರಿ ಎಷ್ಟು ತಿಂಗಳದ್ದು ಎಂದು ತನ್ನ ಕಾಕಾನ ಪಾಲಿಶ್ ಘಟಕದಲ್ಲಿ ಕುಳಿತು ಕೇಳಲು ಅವಳಿಗೆ ಹೇಳಿದ್ದೇನೆ. ಬರುವ ವಾರ ಅವಳು ಹೋಗುತ್ತಾಳೆ.